ವಾಡಿಕೆಗೆ ಭಂಗವಿಲ್ಲ

ಕೊಡಗಿನಲ್ಲಿ ಮಳೆ ತಪ್ಪಿದರೂ ‘ವಾಡಿಕೆ’ ತಪ್ಪುವುದು ಕಷ್ಟ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದೀರ್ಘಾವಧಿ ಸರಾಸರಿಗಿಂತ ಶೇ 19ರಷ್ಟು ಕಡಿಮೆ ಬಿದ್ದರೂ ವಾಡಿಕೆ, ಶೇ 19ರಷ್ಟು ಹೆಚ್ಚು ಬಿದ್ದರೂ ವಾಡಿಕೆ. ಇಷ್ಟು ಧಾರಾಳದ ಗ್ರೇಸ್ ಮಾರ್ಕು ಎಸ್ಸೆಸ್ಸೆಲ್ಸಿಯವರೂ ಕೊಡುವುದಿಲ್ಲ.

ಜೂನ್ ಪೂರ್ತಿ ಆಕಾಶ ನೋಡಿ. ಜುಲೈಯಲ್ಲಿ ಅರೆಬರೆ ನೆನೆಯಿರಿ. ಆಗಸ್ಟ್‌ನ ನಾಲ್ಕೇ ದಿನದಲ್ಲಿ ಹಳೇ ಬಾಕಿಯೆಲ್ಲ ಚುಕ್ತಾ! ದಿನಕ್ಕೆ 204.5 ಮಿ.ಮೀ. ಮುಟ್ಟಿದರೆ ಇಲಾಖೆಗೆ ‘ಅತ್ಯಂತ ಭಾರಿ’, ಕಾಫಿ ತೋಟದವರ ಡೈರಿಯಲ್ಲಿ ಎಂಟಿಂಚು ಐದು ಸೆಂಟು (ಇಂಚಿನ ನೂರನೇ ಒಂದು ಭಾಗವೇ ಸೆಂಟು). ಸೆಪ್ಟೆಂಬರ್ 30ಕ್ಕೆ ಎಲ್ಲ ಕೂಡಿಸಿದರೆ, ಸಭೆಗೆ ಬೇಕಾದ ವಾಡಿಕೆ ತಯಾರು.

ಕಾವೇರಿಗೆ ಮಾತ್ರ ಈ ಕೂಡುವ ಲೆಕ್ಕ ಬರುವುದಿಲ್ಲ. ಬೇಸಿಗೆಯಲ್ಲಿ ಹೊಳೆಯಲ್ಲಿ ಹರಿಯುವುದು ಮಳೆಗಾಲದಲ್ಲಿ ಮಣ್ಣು ಕುಡಿದಿಟ್ಟುಕೊಂಡು ಒರತೆಗಳಲ್ಲಿ ನಿಧಾನಕ್ಕೆ ಬಿಟ್ಟ ನೀರು. ಎಕರೆಗೆ ಒಂದಿಂಚು ಮಳೆ ಎಂದರೆ ಹೆಚ್ಚುಕಮ್ಮಿ 1 ಲಕ್ಷ ಲೀಟರ್. ದಿನವಿಡೀ ಜಿನುಗಿದರೆ ಬಹುಪಾಲು ಇಂಗುತ್ತದೆ. ಅರ್ಧ ಗಂಟೆಯಲ್ಲಿ ಸುರಿದರೆ ಬರೆಯ (ಗುಡ್ಡದ ಇಳಿಜಾರಿನ) ಮಣ್ಣನ್ನೂ ಕಟ್ಟಿಕೊಂಡು ಹಾರಂಗಿಗೋ ಕೆಆರ್‌ಎಸ್‌ಗೋ ಓಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹೊರಬಲ್ಲದು, ಹಾಗಾಗಿ ಇಳಿಸುವಾಗಲೂ ಒಮ್ಮೆಲೇ ಇಳಿಸುತ್ತದೆ. ಅತ್ತ ಕೆಆರ್‌ಎಸ್ 124.80 ಅಡಿ ತುಂಬಿತೆಂದು ಬಾಗಿನ. ಇತ್ತ ಬಾಗಿನದ ನೀರು ಹೋದ ದಾರಿಯಲ್ಲಿ ನೆರೆ ಸಂತ್ರಸ್ತರಿಗೆ ಕಾಳಜಿ ಕೇಂದ್ರ.

ಬದು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸಿ ಇಂಗಿಸುತ್ತಿದ್ದವು ಭತ್ತದ ಗದ್ದೆಗಳು. ಈಗ ಕೆಲವು ಪಾಳು, ಕೆಲವು ಶುಂಠಿ. (ನೀರು ನಿಂತರೆ ಶುಂಠಿಯ ಗೆಡ್ಡೆ ಕೊಳೆಯುತ್ತದೆ. ಅದಕ್ಕೇ ಚರಂಡಿ ತೋಡಿ ನೀರನ್ನು ಗೌರವಪೂರ್ವಕ ಬೀಳ್ಕೊಡಲಾಗುತ್ತದೆ.) ಇನ್ನು ಕೆಲವು ‘ರಿವರ್ ವ್ಯೂ’ ಸೈಟುಗಳು. ಆಗಸ್ಟ್‌ನಲ್ಲಿ ವ್ಯೂ ನಡುಮನೆಗೇ ಬರುತ್ತದೆ, ಹೆಚ್ಚುವರಿ ಶುಲ್ಕವಿಲ್ಲ.

ಮಾರ್ಚ್‌ನಲ್ಲಿ ಕಾಫಿ ಅರಳಿಸುವ ಹೂಮಳೆ ಕೈಕೊಟ್ಟರೆ ತೋಟಕ್ಕೆ ಸ್ಪ್ರಿಂಕ್ಲರ್. ಒಂದಿಂಚು ಕೊಡಲು ಎಕರೆಗೆ ಮತ್ತದೇ 1 ಲಕ್ಷ ಲೀಟರ್, ಹೊಳೆಯಿಂದ. ಪಂಪ್ ಇಡಬಾರದೆಂಬ ಆದೇಶ ಹಗಲು ಹೊರಡುತ್ತದೆ, ಪಂಪ್‌ಗಳು ರಾತ್ರಿ ಹೊರಡುತ್ತವೆ. ಕಾಫಿ ಅರಳುತ್ತದೆ, ಹೊಳೆಯಲ್ಲಿ ಬಂಡೆ ಎದ್ದು ಕಾಣುತ್ತದೆ.

ಆಗ ಕುಶಾಲನಗರದ ಕಡೆ ಹೊಳೆಗೆ ಅಡ್ಡಲಾಗಿ ಮರಳಿನ ಮೂಟೆ ಬೀಳುತ್ತದೆ, ಕುಡಿಯುವ ನೀರಿನ ಪಂಪಿನ ಬಾಯಿ ಮುಳುಗುವಷ್ಟಾದರೂ ನೀರು ನಿಲ್ಲಲಿ ಎಂದು. ನೆರೆ ಬಂದಾಗ ಅದೇ ಊರಿನ ಬಡಾವಣೆಗಳಲ್ಲಿ ಮೂಟೆ ಮನೆ ಬಾಗಿಲಿಗೆ ಬರುತ್ತದೆ, ನೀರು ಒಳಗೆ ನುಗ್ಗದಿರಲಿ ಎಂದು. ಬೇಸಿಗೆಯ ಮೂಟೆಗಳನ್ನೇ ಎತ್ತಿಟ್ಟುಕೊಳ್ಳಬಹುದಲ್ಲ ಎಂದೀರಿ. ಬರದ್ದು ಒಂದು ಲೆಕ್ಕ ಶೀರ್ಷಿಕೆ, ನೆರೆಯದು ಇನ್ನೊಂದು. ಬರದ ಮೂಟೆಯಿಂದ ನೆರೆ ತಡೆದರೆ ಆಡಿಟ್‌ಗೆ ಉತ್ತರ ಹೇಳುವವರು ಯಾರು?