ಸಂತೆಯವರಿಲ್ಲದ ಸುಸಜ್ಜಿತ ಸಂತೆ

ನಮ್ಮ ಪಟ್ಟಣದ ಹೊಳೆದಂಡೆಯ ಸಂತೆಪೇಟೆಯನ್ನು ಅಭಿವೃದ್ಧಿಪಡಿಸುವ ಯೋಜನೆಯ ಫ್ಲೆಕ್ಸ್ ಈಗ ಬಸ್ ನಿಲ್ದಾಣದ ಎದುರು ರಾರಾಜಿಸುತ್ತಿದೆ. ಪಟ್ಟಣದ ಹೆಸರು ಹೇಳಬೇಕಾದ ಅಗತ್ಯವಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ ಎಂಬ ಉತ್ತರ ಕನ್ನಡದ ಈ ಐದು ಹೊಳೆಗಳ ಪೈಕಿ ಯಾವುದರ ದಂಡೆಯಲ್ಲಿ ಕುಳಿತು ಓದಿದವರೂ ಇದು ತಮ್ಮೂರಿನದೇ ಕಥೆ ಎಂದುಕೊಳ್ಳುತ್ತಾರೆ, ಎಂದುಕೊಳ್ಳಲಿ. ಫ್ಲೆಕ್ಸಿನಲ್ಲಿ ಆಕಾಶ ನೀಲಿಯಾಗಿದೆ, ಹೊಳೆಯೂ ನೀಲಿಯಾಗಿದೆ, ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯ ಚಿತ್ರದಲ್ಲಿ ಕೊಡೆ ಹಿಡಿದವರು ಒಬ್ಬರೂ ಇಲ್ಲ. ಗಾಜಿನ ಅಂಗಡಿಗಳಲ್ಲಿ ದೊಣ್ಣೆಮೆಣಸು ಮತ್ತು ಬ್ರೊಕೊಲಿಯನ್ನು ಸಾಲಾಗಿ ಪೇರಿಸಿಡಲಾಗಿದೆ. ನಡುವೆ ಸಂಗೀತ ಕಾರಂಜಿ, ಪಕ್ಕದಲ್ಲಿ ಸೆಲ್ಫಿ ಪಾಯಿಂಟ್, ಮಹಡಿಯ ಮೇಲೆ ಫುಡ್ ಕೋರ್ಟ್. ರೈತ ಮಾರುಕಟ್ಟೆಯ ಈ ಚಿತ್ರದಲ್ಲಿ ರೈತರನ್ನು ಹುಡುಕಿಕೊಡುವವರಿಗೆ ಪುರಸಭೆಯವರು ಬಹುಮಾನ ಇಟ್ಟರೂ ನಷ್ಟವೇನಾಗದು.

ಯೋಜನೆಯ ಕುರಿತು ಸಾರ್ವಜನಿಕರ ಅಭಿಪ್ರಾಯ ಕೇಳಲು ಸಭೆಯೊಂದನ್ನು ಕರೆಯಲಾಗಿತ್ತು. ಕರೆದದ್ದು ಸಂತೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಸಂತೆಗೆ ಸಂಬಂಧಪಟ್ಟ ಸಭೆಯನ್ನು ಸಂತೆಯ ದಿನ ಕರೆಯದೆ ಮತ್ತೆ ಯಾವಾಗ ಕರೆಯಬೇಕು ಎಂದು ಅಧಿಕಾರಿಗಳು ಕೇಳಿದ ಪ್ರಶ್ನೆಯಲ್ಲಿ ತರ್ಕವಿಲ್ಲವೆಂದು ಹೇಳಲಾಗದು. ಪರಿಣಾಮವಾಗಿ ಮಾರುವವರು ಹೊರಗೆ ಮಾರುತ್ತಿದ್ದರು, ಕೊಳ್ಳುವವರು ಕೊಳ್ಳುತ್ತಿದ್ದರು, ಈ ಎರಡೂ ಕೆಲಸವಿಲ್ಲದವರು ಒಳಗೆ ಫ್ಯಾನಿನ ಕೆಳಗೆ ಕುಳಿತು ಸಂತೆಯ ಭವಿಷ್ಯವನ್ನು ನಿರ್ಧರಿಸುತ್ತಿದ್ದರು.

ಮೊದಲು ಮಾತನಾಡಿದ ಗಣ್ಯರು ಸಾಬರಮತಿ ಮಾದರಿಯನ್ನು ಅನುಸರಿಸಬೇಕೆಂದರು. ಅಹಮದಾಬಾದಿನ ಆ ದಂಡೆಯ ಎದುರು ತುಂಬಿ ನಿಂತಿರುವ ನೀರಿನ ಬಹುಪಾಲು ನರ್ಮದಾ ಕಾಲುವೆಯಿಂದ ತಂದು ಬಿಟ್ಟದ್ದು. ಅಲ್ಲಿ ದಂಡೆಯ ಬಳಿಗೆ ಹೊಳೆಯನ್ನು ಕರೆತರಬೇಕಾಯಿತು. ನಮ್ಮಲ್ಲಿ ಆ ಖರ್ಚಿಲ್ಲ, ಆಷಾಢದಲ್ಲಿ ಹೊಳೆಯೇ ಪೇಟೆಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಕಾಳಿ ಹೊಳೆ ದಂಡೆಯ ಊರುಗಳ ಅಡಿಗೆಮನೆಯವರೆಗೂ ಬಂದು ಹೋದದ್ದನ್ನು ಸಭೆಯಲ್ಲಿ ಯಾರೋ ನೆನಪಿಸಿದರು. ಕಾರಂಜಿಯ ಮೋಟರನ್ನು ಎರಡು ಅಡಿ ಎತ್ತರದಲ್ಲಿ ಕೂರಿಸಲಾಗುವುದೆಂದು ಸಲಹೆಗಾರರು ಕೂಡಲೇ ಭರವಸೆ ನೀಡಿದರು. ಅಂಗಡಿಗಳ ವಿಷಯ ಬರಲಿಲ್ಲ. ಸಂತೆಯ ಹೆಂಗಸರು ವರ್ಷಾನುಗಟ್ಟಲೆ ಕೇಳಿಕೊಂಡು ಬಂದ ಒಂದು ಶೌಚಾಲಯಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮ ಅಡ್ಡ ಬಂದಿತ್ತು. ಎರಡು ಅಂತಸ್ತಿನ ಫುಡ್ ಕೋರ್ಟನ್ನು ಕಂಡೊಡನೆ ಅದೇ ನಿಯಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದೆ.

ಮೀನಿನ ಪ್ರಶ್ನೆಗೆ ಹೆಚ್ಚು ಹೊತ್ತು ಹಿಡಿಯಿತು. ಪ್ರವಾಸಿಗರಿಗೆ ಮೀನಿನ ವಾಸನೆ ಆಗಿಬರುವುದಿಲ್ಲ, ಆದ್ದರಿಂದ ಮೀನುಪೇಟೆಯನ್ನು ಬೈಪಾಸಿನ ಆಚೆಗೆ ಒಯ್ಯಬೇಕೆಂದು ಒಬ್ಬ ಹೋಟೆಲ್ ಮಾಲೀಕರು ಒತ್ತಾಯಿಸಿದರು. ಬಂಗುಡೆ ಫ್ರೈ ಮತ್ತು ಶೆಟ್ಲಿ ಸುಕ್ಕಾದ ಹೆಸರಿನಲ್ಲೇ ಪ್ರವಾಸಿಗರನ್ನು ಹೆದ್ದಾರಿಯಿಂದ ಇಳಿಸಿಕೊಳ್ಳುವ ಹೋಟೆಲ್ ಅದು. ಹೊಳೆ ಬೇಕು, ದಕ್ಕೆ ಬೇಕು, ದೋಣಿಯ ಹಿನ್ನೆಲೆಯಲ್ಲಿ ಸೂರ್ಯಾಸ್ತ ಬೇಕು, ಮೀನು ಮಾತ್ರ ತಟ್ಟೆಯಲ್ಲೇ ಹುಟ್ಟಬೇಕು ಎಂಬ ಈ ನಿಲುವಿಗೆ ಸಭೆ ಚಪ್ಪಾಳೆ ತಟ್ಟಿತು. ಪಾರ್ಕಿಂಗ್ ಬಗ್ಗೆ ಹನ್ನೆರಡು ಮಂದಿ ಮಾತನಾಡಿದರು, ಹನ್ನೆರಡೂ ಮಂದಿ ಒಂದನ್ನೇ ಹೇಳಿದರು.

ಇನ್ನು ಪರಂಪರೆಯ ಪರವಾಗಿ ಎದ್ದು ನಿಂತವರ ಕುರಿತು. ಸಂತೆ ನಮ್ಮ ಅಸ್ಮಿತೆ ಎಂದು ಇವರು ಗದ್ಗದಿತರಾದರು. ಹರಿವೆ ಸೊಪ್ಪಿನ ಒಂದು ಕಟ್ಟಿಗೆ ಐದು ರೂಪಾಯಿ ಕಡಿಮೆ ಮಾಡೆಂದು ಕಾಲು ತಾಸು ಜಗ್ಗಾಡಿ, ಬಳಿಕ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲಿನ ಮೊತ್ತ ನೋಡದೆ ಕಾರ್ಡ್ ಕೊಡುವವರೂ ಇವರೇ ಆಗಿರುವುದರಿಂದ ಇವರ ಸಂಕಟವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಪರಂಪರೆಯನ್ನು ಉಳಿಸಲು ಇವರು ಸೂಚಿಸಿದ ಉಪಾಯವೆಂದರೆ ಮಹಾದ್ವಾರದಲ್ಲಿ ಇಲ್ಲಿನ ಹಾಲಕ್ಕಿ ಸಮುದಾಯದ ಹೆಂಗಸಿನ ಫೈಬರ್ ಪ್ರತಿಮೆಯೊಂದನ್ನು ನಿಲ್ಲಿಸುವುದು. ಕೊರಳ ತುಂಬ ಮಣಿಸರ, ತಲೆಯ ಮೇಲೆ ಬುಟ್ಟಿ, ಮೇಲೆ ಮಳೆ ತಾಗದಂತೆ ಚಾವಣಿ, ರಾತ್ರಿಗೆ ಬಣ್ಣದ ದೀಪ. 2021ರ ನವೆಂಬರಿನಲ್ಲಿ ಇದೇ ಸಮುದಾಯದ ತುಳಸಿ ಗೌಡರು ರಾಷ್ಟ್ರಪತಿ ಭವನದ ಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದದ್ದನ್ನು ನೆನೆದು ಸಭೆ ಪುಳಕಗೊಂಡಿತು. ಪ್ರತಿಮೆಗೆ ಸಂತೆಯಲ್ಲಿ ಕಾಯಂ ಜಾಗ ದೊರೆಯಿತು, ಠೇವಣಿ ಇಲ್ಲ, ಬಾಡಿಗೆಯೂ ಇಲ್ಲ.

ಪ್ರತಿಮೆಯಲ್ಲದ ಹಾಲಕ್ಕಿ ಹೆಂಗಸರಿಗೆ ಅನ್ವಯವಾಗುವ ಷರತ್ತುಗಳು ಬೇರೆ. ಅವರು ಅಂಕೋಲಾ, ಕುಮಟಾ ಕಡೆಯ ಹಳ್ಳಿಗಳಿಂದ ಮೊದಲ ಬಸ್ಸಿಗೆ ಬುಟ್ಟಿ ಏರಿಸಿ ಬರುತ್ತಾರೆ. ಗೋಣಿಚೀಲದ ಮೇಲೆ ಹರಿವೆ, ಬಸಳೆ, ಮೊಗೆಕಾಯಿ, ಹೆಣೆದು ಕಟ್ಟಿದ ಕುಮಟಾ ಈರುಳ್ಳಿಯ ಗೊಂಚಲನ್ನು ಹರಡಿ, ಸೊಪ್ಪು ಬಾಡದಂತೆ ಆಗಾಗ ನೀರು ಚಿಮುಕಿಸಿ, ದುಡ್ಡನ್ನು ಕವಳದ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆಗೇ ಮಡಚಿಟ್ಟು, ಮಧ್ಯಾಹ್ನದ ಬಸ್ಸಿಗೆ ಖಾಲಿ ಬುಟ್ಟಿ ಹಿಡಿದು ಹೊರಡುತ್ತಾರೆ. ಹೊಸ ಮಾರುಕಟ್ಟೆಯಲ್ಲಿ ಮಳಿಗೆ ಬೇಕಿದ್ದರೆ ಇವರು ಇ-ಟೆಂಡರಿನಲ್ಲಿ ಭಾಗವಹಿಸಬೇಕು, ಮುಂಗಡ ಠೇವಣಿ ಇಡಬೇಕು, ಮೂರು ವರ್ಷಗಳ ಆದಾಯ ತೆರಿಗೆ ವಿವರ ಲಗತ್ತಿಸಬೇಕು, ಜಿಎಸ್‌ಟಿ ಸಂಖ್ಯೆಯನ್ನೂ ನಮೂದಿಸಬೇಕು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲವಲ್ಲ ಎಂದು ನಾನು ಪಕ್ಕದಲ್ಲಿದ್ದ ಗುಮಾಸ್ತರನ್ನು ಕೇಳಿದೆ. ತೆರಿಗೆ ಇಲ್ಲದಿರಬಹುದು, ಕಾಲಂ ಇದೆಯಲ್ಲ ಎಂದರು. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅದನ್ನು ಬುಟ್ಟಿಯಲ್ಲಿ ಹೊತ್ತು ತರುವವಳಿಗೆ ಮೂರು ಅಡಿ ಭೂಗೋಳ ಇನ್ನೂ ಸಿಕ್ಕಿಲ್ಲ.

ಕಾನೂನು ಇಲ್ಲವೇ ಎಂದರೆ, ಇದೆ. ಬೀದಿಬದಿ ವ್ಯಾಪಾರಿಗಳ ರಕ್ಷಣೆಗಾಗಿಯೇ 2014ರಲ್ಲಿ ಬಂದ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದರಷ್ಟು ಹೆಂಗಸರಿರಬೇಕು. ನಮ್ಮ ಪುರಸಭೆ ಕಾಯ್ದೆಯನ್ನು ಅಕ್ಷರಶಃ ಪಾಲಿಸಿದೆ. ಸಮೀಕ್ಷೆಯನ್ನು ಸಂತೆಯ ದಿನವೇ ನಡೆಸಲಾಗಿದೆ, ಮಧ್ಯಾಹ್ನದ ಊಟ ಮುಗಿಸಿ ಮೂರೂವರೆಗೆ. ಸದರಿ ಸ್ಥಳದಲ್ಲಿ ಬಾಡಿದ ಸೊಪ್ಪು ಮತ್ತು ಎರಡು ದನಗಳನ್ನು ಹೊರತುಪಡಿಸಿ ಯಾವುದೇ ಮಹಿಳಾ ವ್ಯಾಪಾರಿಗಳು ಕಂಡುಬಂದಿರುವುದಿಲ್ಲ ಎಂದು ವರದಿಯಲ್ಲಿ ದಾಖಲಾಗಿದೆ. ಬೆಳಿಗ್ಗೆ ಇದೇ ಜಾಗದಲ್ಲಿ ಕಂಡುಬಾರದ ಈ ವ್ಯಾಪಾರಿಗಳಿಂದಲೇ ಸಂತೆ ಸುಂಕ ವಸೂಲು ಮಾಡಿ ರಸೀತಿ ಹರಿದುಕೊಟ್ಟವನು ಗುತ್ತಿಗೆದಾರನ ಹುಡುಗ. ಅವನನ್ನು ಕೇಳಿದ್ದರೆ ತಲೆಯ ಲೆಕ್ಕ ಬೆರಳ ತುದಿಯಲ್ಲಿ ಸಿಗುತ್ತಿತ್ತು.

ಸಭೆ ಮುಗಿಯುವ ಹೊತ್ತಿಗೆ, ತಂದದ್ದೆಲ್ಲ ಬೇಗ ಖರ್ಚಾಗಿದ್ದ ಒಬ್ಬ ಅಜ್ಜಿ ಬುಟ್ಟಿಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದರು. ಪರದೆಯ ಮೇಲೆ ಓಡುತ್ತಿದ್ದ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಬೆಂಗಳೂರಿನಿಂದ ಬಂದಿದ್ದ ವಾಸ್ತುಶಿಲ್ಪಿಯನ್ನು ಕೇಳಿದರು: "ತಮಾ, ಇದ್ರಲ್ಲಿ ನಾ ಕೂತ್ಕಣುದು ಎಲ್ಲಿ?" ಆ ಹುಡುಗ ಕಂಪ್ಯೂಟರಿನಲ್ಲಿ ಚಿತ್ರವನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮೇಲಿನಿಂದ ತೋರಿಸಿದ, ರಾತ್ರಿಯ ದೀಪವನ್ನೂ ಹಚ್ಚಿ ತೋರಿಸಿದ. ಅಷ್ಟರಲ್ಲಿ ವಂದನಾರ್ಪಣೆ ಶುರುವಾಯಿತು.

ಆದರೆ ಅಜ್ಜಿಯ ಮಾತು ದಾಖಲಾಗದೆ ಉಳಿಯಿತೆಂದು ಯಾರೂ ದೂರುವಂತಿಲ್ಲ. ಮುಂದಿನ ವಾರ ಹೊರಬಿದ್ದ ನಡಾವಳಿಯಲ್ಲಿ ಹೀಗಿದೆ: ಹಿರಿಯ ಮಹಿಳೆಯೊಬ್ಬರು ಆಸನ ವ್ಯವಸ್ಥೆಯ ಕುರಿತು ಪ್ರಸ್ತಾಪಿಸಿದ್ದು, ಸಭೆಯು ಅದನ್ನು ಸಹಾನುಭೂತಿಯಿಂದ ಪರಿಗಣಿಸಿ ಹೊಳೆದಂಡೆಯ ಉದ್ದಕ್ಕೂ ಹೆಚ್ಚುವರಿಯಾಗಿ 20 ಕಲ್ಲುಬೆಂಚುಗಳನ್ನು ಅಳವಡಿಸಲು ಸರ್ವಾನುಮತದಿಂದ ತೀರ್ಮಾನಿಸಿತು. ಬೆಂಚಿನ ಒರಗಿನ ಮೇಲೆ ದಾನಿಗಳ ಹೆಸರು, ಅದರ ಕೆಳಗೆ ಕೆಂಪು ಅಕ್ಷರದಲ್ಲಿ 'ಇಲ್ಲಿ ಕುಳಿತು ವ್ಯಾಪಾರ ಮಾಡುವುದನ್ನು ನಿಷೇಧಿಸಲಾಗಿದೆ' ಎಂದು ಬರೆಸಲು ಪ್ರತ್ಯೇಕ ಅಂದಾಜುಪಟ್ಟಿ ತಯಾರಾಗುತ್ತಿದೆ.