ಕ್ಯಾರಿಯರ್ ಹಾಕಿಸುವ ಮುನ್ನ ಅದರ ತೂಕ ಕೇಳಿ

ವಾರಾಂತ್ಯದಲ್ಲಿ ಕೈಮರದ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿಯತ್ತ ಏರುವ ಥಾರ್, ಜಿಮ್ನಿ, ಗೂರ್ಖಾಗಳಲ್ಲಿ ಹಲವಕ್ಕೆ ಈಗ ತಲೆಯ ಮೇಲೊಂದು ಕಪ್ಪು ಕ್ಯಾರಿಯರ್ ಇರುತ್ತದೆ. ಕ್ಯಾರಿಯರ್ ಹಾಕಿಸುವುದಕ್ಕೆ ನನ್ನ ವಿರೋಧವಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ಕುಳಿತ ಮೇಲೆ ಜಿಮ್ನಿಯಲ್ಲಿ ಸಾಮಾನಿಗೆ ಉಳಿಯುವ ಜಾಗ ಎಷ್ಟೆಂಬುದು ಅದನ್ನು ಇಟ್ಟುಕೊಂಡವರಿಗೆಲ್ಲ ಗೊತ್ತು. ಆದರೆ ಹಾಕಿಸುವವರು ಮೊದಲು ಬೆಲೆ ವಿಚಾರಿಸುತ್ತಾರೆ, ಆಮೇಲೆ ನೋಟ ಹೇಗಿರುತ್ತದೆ ಎಂದು ಕೇಳುತ್ತಾರೆ. ಕ್ಯಾರಿಯರ್ ತಾನೇ ಎಷ್ಟು ತೂಗುತ್ತದೆ ಎಂದು ಕೇಳುವವರು ಅಪರೂಪ. ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಗಾಡಿ ಚಲಿಸುವಾಗ ಅದರ ಛಾವಣಿ ಹೊರಬಹುದಾದ ಭಾರಕ್ಕೆ ಒಂದು ಮಿತಿಯಿದೆ, ಮತ್ತು ಆ ಮಿತಿಯೊಳಗೆ ಕ್ಯಾರಿಯರ್‌ನ ತೂಕವೂ ಸೇರುತ್ತದೆ. ಹೊರದೇಶಗಳಲ್ಲಿ ಮಾರಾಟವಾಗುವ ಮೂರು ಬಾಗಿಲಿನ ಜಿಮ್ನಿಗೆ ಸುಜುಕಿ ಹೇಳುವ ಮಿತಿ ಕೇವಲ 30 ಕೆ.ಜಿ. ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಚೌಕ ಪೈಪಿನಿಂದ ಮಾಡಿಸಿದ, ಮುಂದಿನ ಗಾಜಿನಿಂದ ಹಿಂದಿನ ಬಾಗಿಲಿನವರೆಗೆ ಚಾಚಿದ ಕ್ಯಾರಿಯರ್ ಅಷ್ಟು ತೂಕಕ್ಕೆ ಸುಲಭವಾಗಿ ಮುಟ್ಟುತ್ತದೆ. ಅಂದರೆ ಒಂದು ಬ್ಯಾಗನ್ನೂ ಇಡುವ ಮೊದಲೇ ಲೆಕ್ಕ ಮುಗಿದಿರುತ್ತದೆ. ಅಲ್ಯೂಮಿನಿಯಂ ಒಂದೇ ಗಾತ್ರದ ಕಬ್ಬಿಣಕ್ಕಿಂತ ಮೂರು ಪಟ್ಟು ಹಗುರ. ಬಾಗದಿರಲೆಂದು ದಪ್ಪ ಪಟ್ಟಿ ಬಳಸಬೇಕಾಗುವುದರಿಂದ ಉಳಿತಾಯ ಪೂರ್ತಿ ಅಷ್ಟಾಗುವುದಿಲ್ಲ, ಆದರೂ ಕೊಟ್ಟ ಹೆಚ್ಚಿನ ದುಡ್ಡು ದಂಡವಲ್ಲ.

ಇಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಎದುರಾಗುತ್ತದೆ. ಛಾವಣಿಯ ಮೇಲೆ ಟೆಂಟ್ ಬಿಚ್ಚಿ ಇಬ್ಬರು ಮಲಗಿರುವ ಚಿತ್ರ ನೋಡಿದವರು, ಇಬ್ಬರನ್ನು ಹೊರುವ ಛಾವಣಿಗೆ ನಾಲ್ಕು ಮೂಟೆ ಯಾವ ಲೆಕ್ಕ ಎಂದುಕೊಳ್ಳುತ್ತಾರೆ. ನಿಂತ ಗಾಡಿಯ ಛಾವಣಿ ಓಡುವ ಗಾಡಿಯ ಛಾವಣಿಗಿಂತ ಹಲವು ಪಟ್ಟು ಭಾರ ತಾಳುತ್ತದೆ ಎಂಬುದು ನಿಜ. ಆದರೆ ಚಕ್ರ ಗುಂಡಿಗೆ ಬಿದ್ದು ಎದ್ದ ಗಳಿಗೆಯಲ್ಲಿ ಮೇಲಿನ ಸಾಮಾನು ತನ್ನ ತೂಕಕ್ಕಿಂತ ಎಷ್ಟೋ ಹೆಚ್ಚಿನ ಬಲದಿಂದ ಬೋಲ್ಟುಗಳನ್ನು ಎಳೆಯುತ್ತದೆ, ಒತ್ತುತ್ತದೆ, ಪಕ್ಕಕ್ಕೆ ಜಗ್ಗುತ್ತದೆ. ಝರಿ ಫಾಲ್ಸ್‌ಗೆ ಇಳಿಯುವ ಜೀಪ್ ದಾರಿಯಲ್ಲೋ, ಮಳೆಗಾಲ ಕಳೆದ ಮೇಲಿನ ಎಸ್ಟೇಟ್ ರಸ್ತೆಯಲ್ಲೋ ಇದು ಒಂದೆರಡು ಸಲ ಆಗುವ ಸಂಗತಿಯಲ್ಲ.

ಹಿಂದೆ ನಮ್ಮ ಕಡೆ ಟ್ರ್ಯಾಕ್ಸ್‌ನಂಥ ಗಾಡಿಗಳ ಮೇಲೆ ಬಾಳೆಗೊನೆ, ಮೂಟೆ ಎಲ್ಲವನ್ನೂ ಹೇರುತ್ತಿರಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಹೇರುತ್ತಿದ್ದರು. ಆ ಗಾಡಿಗಳಿಗೆ ತಗಡಿನ ಗಟ್ಟಿ ಛಾವಣಿಯಿತ್ತು, ಕ್ಯಾರಿಯರ್‌ನ ಕಾಲುಗಳು ಛಾವಣಿಯ ಅಂಚಿನ ಮೇಲೆ ನಿಲ್ಲುತ್ತಿದ್ದವು, ಚಾಲಕರು ಆ ಭಾರವನ್ನು ಅರಿತು ನಿಧಾನವಾಗಿ ಓಡಿಸುತ್ತಿದ್ದರು. 2020ರಲ್ಲಿ ಬಂದ ಮೂರು ಬಾಗಿಲಿನ ಥಾರ್‌ನ ಹಾರ್ಡ್‌ಟಾಪ್ ತಗಡಿನದಲ್ಲ, ಫೈಬರ್ ಜಾತಿಯ ವಸ್ತುವಿನದು. ಅದರ ಮೇಲೆ ನೇರವಾಗಿ ಭಾರ ಕೂರಿಸುವ ಕ್ಯಾರಿಯರನ್ನು ನಾನು ಯಾರಿಗೂ ಹೇಳುವುದಿಲ್ಲ. ಮುಂದೆ ಗಾಜಿನ ಚೌಕಟ್ಟಿನ ಬಳಿ, ಹಿಂದೆ ಬಾಡಿಯ ಲೋಹಕ್ಕೆ ಕಾಲುಕೊಟ್ಟು, ಹಾರ್ಡ್‌ಟಾಪನ್ನು ಮುಟ್ಟದೆ ನಿಲ್ಲುವ ಚೌಕಟ್ಟೇ ಅದಕ್ಕೆ ಸರಿ. ಜಿಮ್ನಿಯ ಛಾವಣಿಯ ಎರಡೂ ಅಂಚಿನಲ್ಲಿ, ಹಳೆಯ ಜಿಪ್ಸಿಗಿದ್ದ ಹಾಗೆ, ಮಳೆನೀರು ಹರಿಯುವ ದಂಡೆಯಿರುವುದರಿಂದ ಅದನ್ನು ಹಿಡಿದುಕೊಳ್ಳುವ ಕ್ಲಾಂಪ್ ಸಾಕು. ಅಲ್ಲಿ ತೂತು ಕೊರೆಯುವ ಮಾತೇ ಬರಬಾರದು.

ಭಾರ ಮೇಲೇರಿದಷ್ಟೂ ಗಾಡಿ ಮಗುಚುವ ಸಾಧ್ಯತೆ ಹೆಚ್ಚುತ್ತದೆ. ಲೆಕ್ಕಕ್ಕೆಂದು 1200 ಕೆ.ಜಿ.ಯ ಗಾಡಿಯ ಗುರುತ್ವಕೇಂದ್ರ ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, 185 ಸೆಂ.ಮೀ. ಎತ್ತರದಲ್ಲಿ 60 ಕೆ.ಜಿ. ಹೇರಿದಾಗ ಅದು ಸುಮಾರು ಐದೂವರೆ ಸೆಂ.ಮೀ. ಮೇಲೇರುತ್ತದೆ, ಮಗುಚುವ ಕೋನ ಎರಡು ಡಿಗ್ರಿಯಷ್ಟು ಇಳಿಯುತ್ತದೆ. ಅಷ್ಟೇನಾ ಎನ್ನಿಸಬಹುದು. ಇದು ಗಾಡಿ ಅಲುಗಾಡದೆ ನಿಂತಾಗಿನ ಲೆಕ್ಕ. ಒಂದು ಬದಿಯ ಚಕ್ರ ಚರಂಡಿಗೆ ಇಳಿದು ಸಸ್ಪೆನ್ಷನ್ ಕುಸಿದಾಗ, ಮೇಲಿನ ಭಾರ ಅದೇ ಬದಿಗೆ ಓಲಾಡಿದಾಗ, ಆ ಎರಡು ಡಿಗ್ರಿಯೇ ಉಳಿಸುತ್ತದೆ ಅಥವಾ ಉರುಳಿಸುತ್ತದೆ. ಆದ್ದರಿಂದ ನೀರಿನ ಕ್ಯಾನು, ಡೀಸೆಲ್, ಜಾಕ್, ಸ್ಟೆಪ್ನಿ ಇವೆಲ್ಲ ಕೆಳಗೇ ಇರಬೇಕು. ಮೇಲಕ್ಕೆ ಹಾಸಿಗೆ, ಟಾರ್ಪಾಲು, ಬಟ್ಟೆಯ ಬ್ಯಾಗು. ಕ್ಯಾರಿಯರ್‌ಗೆ ಸ್ಟೆಪ್ನಿ ಕಟ್ಟುವ ಫ್ಯಾಷನ್ ಎಲ್ಲಿಂದ ಬಂತೋ, ಅದನ್ನು ಮಳೆಯಲ್ಲಿ ಒಬ್ಬರೇ ನಿಂತು ಇಳಿಸಿ ನೋಡಿದವರು ಹೇಳಬೇಕು.

ಜೋಡಿಸುವ ಕೆಲಸದಲ್ಲಿ ಅವಸರ ಬೇಡ. ನಮ್ಮ ಮಳೆಗೆ ಕೊರೆದ ತೂತಿನ ಸುತ್ತ ಮೊದಲು ತುಕ್ಕು ಕಾಣಿಸುತ್ತದೆ, ಆಮೇಲೆ ಒಳಗಿನ ಬಟ್ಟೆಯಲ್ಲಿ ಕಲೆ. ಅಲ್ಯೂಮಿನಿಯಂ ಪಟ್ಟಿಗೆ ಸ್ಟೀಲ್ ಬೋಲ್ಟ್ ನೇರವಾಗಿ ತಾಗಿ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ, ಹಾಗಾಗಿ ನಡುವೆ ನೈಲಾನ್ ವಾಷರ್ ಕೇಳಿ ಹಾಕಿಸಬೇಕು. ಬಾಡಿಗೆ ತಾಗುವ ಕಡೆ ರಬ್ಬರ್ ಪ್ಯಾಡ್, ನಟ್‌ಗಳೆಲ್ಲ ಸಡಿಲವಾಗದ ನೈಲಾಕ್. ಒಂದಷ್ಟು ಕೆಟ್ಟ ರಸ್ತೆ ಓಡಿಸಿದ ಮೇಲೆ ಸ್ಪಾನರ್ ಹಿಡಿದು ಎಲ್ಲವನ್ನೂ ಮತ್ತೊಮ್ಮೆ ನೋಡಲೇಬೇಕು. ಹೊಸ ಎತ್ತರವನ್ನು ಅಳೆದು ಸ್ಟಿಯರಿಂಗ್ ಬಳಿ ಬರೆದಿಟ್ಟುಕೊಳ್ಳುವುದೂ ಒಳ್ಳೆಯದು, ಏಕೆಂದರೆ ತೋಟದ ದಾರಿಯಲ್ಲಿ ಜೋತುಬಿದ್ದ ವಿದ್ಯುತ್ ತಂತಿ ಕ್ಯಾರಿಯರನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಕಾನೂನಿನ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನೀಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಆದ್ದರಿಂದ ಬಾಡಿ ಕತ್ತರಿಸುವ, ಬೆಸೆಯುವ ಕೆಲಸಕ್ಕೆ ಕೈಹಾಕದೆ, ಬಿಚ್ಚಿ ತೆಗೆಯಬಹುದಾದದ್ದನ್ನೇ ಆರಿಸಿಕೊಳ್ಳಿ. ಕಂಪನಿಯ ಆಕ್ಸೆಸರಿ ಪಟ್ಟಿಯಲ್ಲಿ ಕ್ಯಾರಿಯರ್ ಇದ್ದರೆ ಮೊದಲು ಅದನ್ನೇ ನೋಡಿ. ಹಾಕಿಸಿದ್ದನ್ನು ವಿಮಾ ಕಂಪನಿಗೆ ತಿಳಿಸಿಡಿ.

ಇನ್ನು ಕ್ಯಾರಿಯರ್‌ನ ಮುಂಭಾಗಕ್ಕೆ ಕಟ್ಟುವ ಎಲ್‌ಇಡಿ ಪಟ್ಟಿ. ಎದುರು ಬರುವವರ ಕಣ್ಣಿಗೆ ಅದು ಮಾಡುವ ಹಿಂಸೆಯನ್ನು ಬೇರೆ ಹೇಳಬೇಕಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಕವಿಯುವ ಮಂಜಿನಲ್ಲಿ ಅದು ಹಾಕಿದವರಿಗೂ ಉಪಯೋಗಕ್ಕೆ ಬರುವುದಿಲ್ಲ: ಕಣ್ಣಿಗಿಂತ ಮೇಲಿನಿಂದ ಹೊಮ್ಮಿದ ಬೆಳಕು ಮಂಜಿನ ಹನಿಗಳಿಗೂ ಬಾನೆಟ್ಟಿಗೂ ಬಡಿದು ವಾಪಸು ಬರುತ್ತದೆ, ಎದುರು ಬಿಳಿಯ ಗೋಡೆ ಎದ್ದಂತಾಗುತ್ತದೆ. ಮಂಜಿಗೆ ಬೇಕಾದ ದೀಪ ಬಂಪರ್ ಮಟ್ಟದಲ್ಲಿರಬೇಕು. ಕ್ಯಾರಿಯರ್ ಜೊತೆಗೆ ಲೈಟಿನ ಬ್ರಾಕೆಟ್ ಉಚಿತವೆಂದು ಅಂಗಡಿಯವರು ಹೇಳಿದರೆ ಬಿಚ್ಚಿಟ್ಟುಕೊಳ್ಳಿ ಎಂದು ಅವರಿಗೇ ಹೇಳಿ. ಮೇಲೆ ಅಷ್ಟಾದರೂ ತೂಕ ಕಡಿಮೆಯಾಗುತ್ತದೆ.