ಕಂಪ್ಯೂಟರ್ ಹಾಕಿದ್ದು ಯಾರು?

ನಮ್ಮ ಮನೆಯಲ್ಲಿ ಕರೆಂಟ್ ಹೋಗುವುದರಲ್ಲಿ ಎರಡು ಬಗೆ. ಒಂದು, ಬೀದಿಗೆಲ್ಲ ಹೋಗುವುದು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಿಟಕಿಯಿಂದ ಬಗ್ಗಿ ನೋಡಿ, ಎದುರು ಮನೆಯಲ್ಲೂ ಕತ್ತಲಿದ್ದರೆ ಸಮಾಧಾನ. ಇನ್ನೊಂದು, ನಮ್ಮನೆಗೆ ಮಾತ್ರ ಹೋಗುವುದು. ಮೊದಲು ಬಾಗಿಲ ಹಿಂದಿನ ಡಬ್ಬಿಯಿಂದ 'ಟಪ್' ಅಂತ ಒಂದು ಸದ್ದು. ಅಮ್ಮನ ಧಾರಾವಾಹಿಯಲ್ಲಿ ಸೊಸೆ ಬಾಯಿ ತೆರೆದವಳು ಹಾಗೇ ಮಾಯ. ಆಮೇಲೆ ಅಡುಗೆಮನೆ, ಹಾಲ್, ರೂಮು, ಮೂರೂ ಕಡೆಯಿಂದ ಒಂದೇ ಪ್ರಶ್ನೆ. "ಕಂಪ್ಯೂಟರ್ ಹಾಕಿದ್ದು ಯಾರು?"

ಇನ್ಯಾರು, ನಾನೇ. ಬಟನ್ ಕೂಡ ಒತ್ತಿರುವುದಿಲ್ಲ. ಗೋಡೆಯ ಸ್ವಿಚ್ ಹಾಕಿದ್ದಷ್ಟೇ.

ಈ ಕಂಪ್ಯೂಟರ್ 2003ರದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದಿಡೀ ಮಧ್ಯಾಹ್ನ ಅಲೆದು, ಒಂದು ಅಂಗಡಿಯಲ್ಲಿ ಬೋರ್ಡು, ಇನ್ನೊಂದರಲ್ಲಿ ಕ್ಯಾಬಿನೆಟ್ಟು ಅಂತ ಕೂಡಿಸಿಕೊಂಡು ಬಂದದ್ದು. ಪೆಂಟಿಯಂ 4, 40 ಜಿಬಿ ಹಾರ್ಡ್ ಡಿಸ್ಕ್. 'ಇಷ್ಟು ಜಾಗ ತುಂಬಿಸೋಕೆ ನಿಮ್ಮ ಆಯಸ್ಸು ಸಾಲಲ್ಲ ಸಾರ್' ಅಂದಿದ್ದ ಅಂಗಡಿಯವನು. ಮಾನಿಟರನ್ನು ತೊಡೆಯ ಮೇಲೆ ಇಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಬಂದೆ. ಬೆಳಿಗ್ಗೆ ಇಳಿಯುವಾಗ ಕಾಲು ನನ್ನದೋ ಪಕ್ಕದವರದ್ದೋ ಗೊತ್ತಾಗಲಿಲ್ಲ.

ಈಗ ಅದರಲ್ಲಿ ನಡೆಯುವ ಕೆಲಸ ಒಂದೇ. ಮುಯ್ಯಿ ಲೆಕ್ಕ.

2005ರಲ್ಲಿ ತಂಗಿಯ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು ಅನ್ನುವ ಪಟ್ಟಿಯನ್ನು ಅಪ್ಪ ಹೇಳುತ್ತಾ ಹೋದರು, ನಾನು 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುತ್ತಾ ಹೋದೆ. ನೂರಾ ಒಂದು, ಇನ್ನೂರಾ ಒಂದು, ಸ್ಟೀಲ್ ಬೇಸಿನ್, ಗೋಡೆ ಗಡಿಯಾರ ಆರು. ಅವರ ಮನೆಯಲ್ಲಿ ಮದುವೆಯಾದಾಗ ಈ ಪಟ್ಟಿ ನೋಡದೆ ನಾವು ಕವರ್ ತುಂಬುವ ಹಾಗಿಲ್ಲ. ಪೆನ್ ಡ್ರೈವ್‌ಗೆ ಹಾಕಿಕೊಂಡು ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದೂ ನೋಡಿದೆ. ಆಗಿನ ನುಡಿ ಅಕ್ಷರ ಈಗಿನ ಹಾಗೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ, ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಬಂದ ಹಾಗೆ ಕಾಣುತ್ತದೆ. ಕೊಪ್ಪದ ಭಾವನ ಹೆಸರು ಯಾವುದೋ ಫ್ರೆಂಚ್ ತಿಂಡಿಯ ಹಾಗಿತ್ತು. ಪರಿವರ್ತಿಸುವ ಸಾಫ್ಟ್‌ವೇರ್ ಇದೆಯಪ್ಪಾ ಅಂದಳು ಮಗಳು. ಇದೆ, ಗೊತ್ತು. ಮಾಡೋಣ ಅಂತ ಅಂದುಕೊಂಡು ಏಳು ವರ್ಷವಾಯಿತು.

ತೀರ್ಥಹಳ್ಳಿಯ ಹಳೇ ಮನೆಯಲ್ಲಿ ಹೀಗೆ ಟಪ್ ಅಂತ ಸ್ವಿಚ್ ಬೀಳುವ ತಾಪತ್ರಯ ಇರಲಿಲ್ಲ. ಅಲ್ಲಿ ಇದ್ದದ್ದು ಪಿಂಗಾಣಿಯ ಕಟ್ಟೌಟು, ಅದಕ್ಕೊಂದು ಫ್ಯೂಸ್ ವಯರು. ಆದರೆ ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ಬರಿಗಾಲಲ್ಲಿ ನಿಂತು ಕೈ ತಾಗಿಸಿದರೆ ಜುಮ್ ಅನ್ನುತ್ತಿತ್ತು. ಅದು ಮನೆಗೆಲ್ಲ ಗೊತ್ತಿದ್ದ ಸಂಗತಿ. ಅದಕ್ಕೇ ಮೇಜಿನ ಕೆಳಗೆ ಒಂದು ಜೊತೆ ಹವಾಯಿ ಚಪ್ಪಲಿ ಇಟ್ಟಿದ್ದೆವು. ಬಂದ ನೆಂಟರು, 'ಎಂತ ಮಾರಾಯಾ, ಕಂಪ್ಯೂಟರ್ ಮುಟ್ಟೋಕೂ ಮಡಿಯಾ?' ಅಂತ ನಕ್ಕು, ಮುಟ್ಟಿ, ಕೈ ಕೊಡವಿಕೊಂಡು, ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಶಿವಮೊಗ್ಗದಲ್ಲಿ ಹೊಸ ಮನೆ ಕಟ್ಟಿದ ಮೇಲೆ ಜುಮ್ ನಿಂತಿತು. ಟಪ್ ಶುರುವಾಯಿತು.

ಮೊದಲಿಗೆ ಧೂಳು ಅಂದುಕೊಂಡೆ. ಕ್ಯಾಬಿನೆಟ್ ಬಿಚ್ಚಿ ಸೈಕಲ್ ಪಂಪಿನಲ್ಲಿ ಊದಿದೆ. ಒಂದು ಬೊಗಸೆ ಧೂಳು, ಜಿರಲೆ ಮೊಟ್ಟೆ, ಕಳೆದುಹೋಗಿದೆ ಅಂತ ಮರೆತೇಬಿಟ್ಟಿದ್ದ ಒಂದು ಸ್ಕ್ರೂ. ಒಳಗೆ ಕಂಪ್ಯೂಟರಿಗೆ ಕರೆಂಟ್ ಹದಮಾಡಿ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲಿಲ್ಲ. ಅದರ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿನ ಮೇಲೆ ಉಳಿದಿರಬಹುದು. ಜುಮ್ ಅಂದು ಬಿಡುವ ಜಾತಿಯಲ್ಲ ಅದು. ಊದಿದ್ದಾಯಿತು, ಜೋಡಿಸಿದ್ದಾಯಿತು, ಸ್ವಿಚ್ ಹಾಕಿದೆ. ಟಪ್.

ಕಡೆಗೆ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆ. ಅವನು ಡಬ್ಬಿ ತೆರೆದು ನೋಡಿದವನೇ, "ಸಾರ್, ಬಿದ್ದಿರೋದು ಎಂಸಿಬಿ ಅಲ್ಲ, ಇಎಲ್‌ಸಿಬಿ" ಅಂದ. ನಮಗೆ ಬೀಳುವುದೆಲ್ಲ ಎಂಸಿಬಿಯೇ. ಅವನು ಬಿಡಿಸಿ ಹೇಳಿದ. ಎಂಸಿಬಿಗೆ ಬೇಕಾಗಿರುವುದು ಕರೆಂಟ್ ಜಾಸ್ತಿ ಎಳೆದರೋ ಇಲ್ಲವೋ ಅಷ್ಟೇ. ಇದು ಹಾಗಲ್ಲ. ಇದು ಒಂದು ವಯರಲ್ಲಿ ಎಷ್ಟು ಹೋಯಿತು, ಇನ್ನೊಂದರಲ್ಲಿ ಎಷ್ಟು ವಾಪಸ್ ಬಂತು ಅಂತ ತಾಳೆ ನೋಡುತ್ತಾ ಕೂತಿರುತ್ತದೆ. ಕೊಟ್ಟದ್ದಕ್ಕೂ ಬಂದದ್ದಕ್ಕೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬರಬಾರದು. ಅದರ ಅರ್ಧ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ನಮ್ಮ ದೇವರ ಮನೆಯ ಜೀರೋ ಬಲ್ಬು ಎಳೆಯುವುದೇ ಆ 30ರ ಎರಡರಷ್ಟು. ಆದರೆ ಮನುಷ್ಯನ ಮೈಯೊಳಗೆ ಹರಿದರೆ ಅಷ್ಟೂ ಜಾಸ್ತಿಯೇ. ಅಂತೂ ಬಾಗಿಲ ಹಿಂದೆ ಇನ್ನೊಬ್ಬರು ಮುಯ್ಯಿ ಪಟ್ಟಿ ಹಿಡಿದು ಕೂತಿದ್ದಾರೆ ಅಂತಾಯಿತು. ಅದೂ ನಮ್ಮಪ್ಪನಷ್ಟೇ ಕಟ್ಟುನಿಟ್ಟು.

ಜುಮ್ಮಿನ ಕಥೆಯೂ ಆಗಲೇ ಬಯಲಾಯಿತು. ಹಳೇ ಮನೆಯ ಪ್ಲಗ್ಗಿನ ಮೂರನೇ ತೂತಿಗೆ ವಯರೇ ಇರಲಿಲ್ಲವಂತೆ. ಇಂಥ ಕಂಪ್ಯೂಟರಿನಿಂದ ಹೊಸದರಲ್ಲೂ ಚೂರು ಕರೆಂಟ್ ಕ್ಯಾಬಿನೆಟ್ಟಿಗೆ ಜಿನುಗುತ್ತದೆ. ಭೂಮಿಗೆ ಹೋಗಲು ದಾರಿಯಿಲ್ಲದೆ ಅದು ನಮ್ಮ ಕೈಯಿಂದ ಕಾಲಿಗೆ ಇಳಿಯುತ್ತಿತ್ತು. ಹೊಸ ಮನೆಯಲ್ಲಿ ಗುಂಡಿ ತೋಡಿಸಿ, ಉಪ್ಪು, ಇದ್ದಿಲು ಹಾಕಿಸಿ ಅರ್ಥಿಂಗ್ ಮಾಡಿಸಿದ್ದೇವಲ್ಲ, ಈಗ ನೇರ ಅಲ್ಲಿಗೆ ಹೋಗುತ್ತದೆ. ಹೋದದ್ದು ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ.

"ಹಂಗಾದ್ರೆ ಕಂಪ್ಯೂಟರ್‌ದೇ ತಪ್ಪು" ಅಂದಳು ನನ್ನ ಹೆಂಡತಿ, ಸೌಟು ಹಿಡಿದು ಬಾಗಿಲಲ್ಲಿ ನಿಂತು.

"ತಡೀರಿ ಅಕ್ಕ" ಅಂದ ಹುಡುಗ. ಮನೆಯ ಎಲ್ಲ ಪ್ಲಗ್ ಕೀಳಿಸಿದ, ಸ್ವಿಚ್ಚೆಲ್ಲ ಆರಿಸಿದ. ಕಂಪ್ಯೂಟರ್ ಒಂದನ್ನೇ ಹಾಕಿದ. ಬೀಳಲಿಲ್ಲ! ಫ್ರಿಜ್ ಹಾಕಿದ. ಬೀಳಲಿಲ್ಲ. ವಾಷಿಂಗ್ ಮೆಷಿನ್. ಇಲ್ಲ. ಗೀಸರ್ ಹಾಕಿದ. ಟಪ್.

ಗೀಸರಿನಲ್ಲಿ ನೀರು ಕಾಯಿಸುವ ಎಲಿಮೆಂಟ್ ಕೆಟ್ಟು, ಅದರಿಂದಲೂ ಕರೆಂಟ್ ಗುಟ್ಟಾಗಿ ಸೋರುತ್ತಿತ್ತು. ಫ್ರಿಜ್ಜಿನದು ಒಂದು ಹನಿ, ಮೆಷಿನ್ನಿನದು ಒಂದು ಹನಿ. ಮಳೆಗಾಲದ ಥಂಡಿಗೆ ಕಂಪ್ಯೂಟರಿನದು ಎರಡು ಹನಿ. ಎಲ್ಲ ಕೂಡಿದರೆ ಟಪ್. ತುಂಬಿದ ಬಸ್ಸಿಗೆ ಕೊನೆಯಲ್ಲಿ ಹತ್ತಿದವನಿಗೆ ಎಲ್ಲರೂ ಬೈಯುತ್ತಾರಲ್ಲ, ಇಷ್ಟು ದಿನ ಹಾಗೆ ಬೈಸಿಕೊಂಡದ್ದು ನಾನು. ಆ ದಿನ ನನಗಾದ ಖುಷಿ ಹೇಳತೀರದು. ಗೀಸರ್ ತಂದದ್ದು ಹೆಂಡತಿಯ ಆಯ್ಕೆ. ನಾನು ಏನೂ ಅನ್ನಲಿಲ್ಲ, ಸುಮ್ನೆ ಒಂದೆರಡು ಸಲ ಗೀಸರ್ ಕಡೆ ನೋಡಿದೆ.

"ಹಂಡೆ ಒಲೆ ಇದ್ದಿದ್ರೆ ಎಂತದೂ ಬೀಳ್ತಿರ್ಲಿಲ್ಲ" ಅಂದರು ಅಮ್ಮ. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಹುಡುಗ ಹೊರಡುವಾಗ ಎರಡು ದಾರಿ ಹೇಳಿದ. ಎಲಿಮೆಂಟೂ ಎಸ್‌ಎಂಪಿಎಸ್ಸೂ ಹೊಸದು ಹಾಕುವುದು. ಇಲ್ಲವೇ, "ಇಎಲ್‌ಸಿಬಿ ತೆಗ್ದು ಡೈರೆಕ್ಟ್ ಕೊಟ್ಬಿಡ್ಲಾ ಸಾರ್? ಸುಮಾರು ಮನೇಲಿ ಹಂಗೇ ಮಾಡ್ಸ್ಕೊಂಡಿದಾರೆ." ಬೇಡವೇ ಬೇಡ ಅಂದೆ. ಲೆಕ್ಕ ತಪ್ಪಿದೆ ಅಂತ ಹೇಳಿದ ಗುಮಾಸ್ತನನ್ನೇ ಕೆಲಸದಿಂದ ಬಿಡಿಸುವುದು ಯಾವ ನ್ಯಾಯ? ಬಿಡಿಭಾಗ ತರಿಸಿ ಫೋನ್ ಮಾಡುತ್ತೇನೆ, ಅಲ್ಲಿಯವರೆಗೆ ಗೀಸರ್ ಆರಿಸದೆ ಯಾರೂ ನೀರು ಮುಟ್ಟಬೇಡಿ ಅಂತ ಹೇಳಿ ಹೋದ.

ಅವನ ಫೋನ್ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಶ್ರಾವಣ ಬಂತು. ಕೊಪ್ಪದ ಭಾವನ ಮಗಳ ಮದುವೆ. ನಿನ್ನೆ ಬೆಳಿಗ್ಗೆಯೇ ಕಂಪ್ಯೂಟರ್ ಮುಂದೆ ಕೂತೆ. ಸ್ವಿಚ್ ಹಾಕಿದೆ. ಕಣ್ಣು ಮುಚ್ಚಿ ಮೂರು ಎಣಿಸಿದೆ. ಬೀಳಲಿಲ್ಲ. ಬಟನ್ ಒತ್ತಿದೆ. ಒಳಗೆ ತಾರೀಕು ನೆನಪಿಡುವ ಬಿಲ್ಲೆ ಸೆಲ್ ಸತ್ತು ಕಾಲವಾಗಿದೆ, ಹಾಗಾಗಿ ಪ್ರತಿ ಸಲವೂ ಅದು 2002ರ ಜನವರಿ 1ಕ್ಕೇ ಎಚ್ಚರವಾಗುತ್ತದೆ. ಅಂದರೆ ನಾನು ಅದನ್ನು ಕೊಳ್ಳುವುದಕ್ಕಿಂತ ಹಿಂದಿನ ವರ್ಷಕ್ಕೆ. ಇರಲಿ ಅಂತ ಮುಂದಕ್ಕೆ ಹೋದೆ. ಪಟ್ಟಿ ತೆರೆಯಿತು. ಕ, ಕಾ, ಕೊ... ಕೊಪ್ಪ. ಭಾವನ ಹೆಸರಿನ ಎದುರಿನ ಅಂಕಿಗೆ ಬೆರಳು ಇಟ್ಟೆ.

ಟಪ್.

ಬಚ್ಚಲುಮನೆ ಕಡೆಯಿಂದ ಹೆಂಡತಿಯ ದನಿ ಬಂತು. "ರೀ, ಗೀಸರ್ ಈಗಷ್ಟೇ ಹಾಕಿದ್ದೆ, ಕಂಪ್ಯೂಟರ್ ಹಾಕಿದ್ದು ಯಾರು?"